ದೂರು ಪಡೆಯುವವರು ಯಾರು?

ಗುಬ್ಬಿಯಲ್ಲಿ ದ್ವಿತೀಯ ದರ್ಜೆ ಸಹಾಯಕರಾಗಿದ್ದ ಯುವಕರೊಬ್ಬರು ಈಚೆಗೆ ತುಮಕೂರಿನ ನಮ್ಮ ಮನೆಗೆ ಬಂದಿದ್ದರು. ತಾವು ಸಲಿಂಗಾನುರಾಗಿ ಎಂಬುದು ಕಚೇರಿಯಲ್ಲಿ ತಿಳಿದ ಮೇಲೆ ಅಣಕ ಆರಂಭವಾಗಿ, ಕೊನೆಗೆ ಕುಣಿಗಲ್‌ಗೆ ವರ್ಗಾವಣೆಯೂ ಆಯಿತಂತೆ. ಆದೇಶದಲ್ಲಿದ್ದ ಕಾರಣ ‘ಆಡಳಿತಾತ್ಮಕ ಹಿತದೃಷ್ಟಿ’. ಸೇವೆಯಲ್ಲಿದ್ದಾಗ ಆ ಪದಪುಂಜದ ಕೆಳಗೆ ನಾನೂ ಎಷ್ಟೋ ಸಲ ಸಹಿ ಹಾಕಿದ್ದೇನೆ. ಅದು ಏನನ್ನೆಲ್ಲ ಮುಚ್ಚಿಡಬಲ್ಲದೆಂದು ಬಲ್ಲೆ. ‘ದೂರು ಯಾರಿಗೆ ಕೊಡಲಿ ಸಾರ್?’ ಎಂಬ ಅವರ ಪ್ರಶ್ನೆಗೆ ಮಾತ್ರ ಉತ್ತರ ಹೊಳೆಯಲಿಲ್ಲ.

ಹಕ್ಕಿನ ಬಗ್ಗೆ ಸಂಶಯವಿಲ್ಲ. ಸಂವಿಧಾನದ 15ನೇ ವಿಧಿ ನಿಷೇಧಿಸುವ ಲಿಂಗ ತಾರತಮ್ಯದಲ್ಲಿ ಲೈಂಗಿಕ ಒಲವಿನ ತಾರತಮ್ಯವೂ ಸೇರುತ್ತದೆಂದು ಸುಪ್ರೀಂ ಕೋರ್ಟ್ 2018ರ ನವತೇಜ್ ಸಿಂಗ್ ಜೋಹರ್ ಪ್ರಕರಣದಲ್ಲಿ ಹೇಳಿದೆ. ಆ ತೀರ್ಪನ್ನು ಆಧರಿಸಿಯೇ ಅಲಹಾಬಾದ್ ಹೈಕೋರ್ಟ್, ಇದೇ ಕಾರಣಕ್ಕೆ ತೆಗೆದುಹಾಕಲಾಗಿದ್ದ ಬುಲಂದ್‌ಶಹರದ ಗೃಹರಕ್ಷಕರೊಬ್ಬರನ್ನು ಸೇವೆಗೆ ಮರಳಿ ಸೇರಿಸಿಕೊಳ್ಳಲು 2021ರಲ್ಲಿ ಆದೇಶಿಸಿತು.

ಆದರೆ ಕೆಲಸದ ಸ್ಥಳದ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಮಹಿಳೆಯರ ದೂರಿಗಷ್ಟೇ ಸೀಮಿತ. ಪ್ರತಿ ಸಂಸ್ಥೆಯಲ್ಲೂ ದೂರು ಅಧಿಕಾರಿ ಇರಬೇಕೆಂದ 2019ರ ಕಾಯ್ದೆ ಲಿಂಗತ್ವ ಅಲ್ಪಸಂಖ್ಯಾತರಿಗಾಗಿ ಬಂದದ್ದು. ಈ ಯುವಕರಿಗೆ ಉಳಿಯುವುದು ಮೇಲಧಿಕಾರಿಗೆ ಮನವಿ, ಬಳಿಕ ಬೆಂಗಳೂರಿನ ಆಡಳಿತ ನ್ಯಾಯಮಂಡಳಿ. ಎರಡೂ ಕಡೆ ಖಾಸಗಿ ಬದುಕು ಕಡತವಾಗಿ ಕೈಯಿಂದ ಕೈಗೆ ಹೋಗುತ್ತದೆ. ದೂರು ಅಧಿಕಾರಿಯೇ ಇಂಥ ದೂರನ್ನೂ ಪಡೆದು, ಹೆಸರನ್ನು ಗೋಪ್ಯವಾಗಿಡಬೇಕೆಂದು ರಾಜ್ಯ ಸರ್ಕಾರ ಒಂದು ಸುತ್ತೋಲೆ ಹೊರಡಿಸಬಾರದೇಕೆ? ಲಿಂಗತ್ವ ಅಲ್ಪಸಂಖ್ಯಾತರಿಗೆ ನೇಮಕಾತಿಯಲ್ಲಿ ಶೇ 1ರಷ್ಟು ಮೀಸಲಾತಿಯನ್ನು 2021ರಲ್ಲೇ ಕೊಟ್ಟ ಸರ್ಕಾರಕ್ಕೆ ಇದು ಕಷ್ಟದ ಕೆಲಸವೇನಲ್ಲ.

ಅಂದು ನಾವಿಬ್ಬರೂ ಕುಳಿತು ಮನವಿ ಬರೆದೆವು. ಅವರು ಅದನ್ನಿನ್ನೂ ಸಲ್ಲಿಸಿಲ್ಲ.