ನಾಲ್ಕನೇ ಮಾತು: ಹಿಂದ್ಗಡೆ ಎಣ್ಣೆ ಯಾವಾಗ ಬದಲಾಯಿಸಿದ್ರಿ?

ನಮ್ಮ ದೊಡ್ಡಆಲಹಳ್ಳಿ ಕಡೆ ಯಾರ ಮನೆಗಾದ್ರೂ ಹಳೇ ಗಾಡಿ ಬಂತು ಅಂದ್ರೆ ಹೆಂಗಸ್ರು ನಾವು ಕೇಳೋದು ಮೂರೇ ಮಾತು. ಎಷ್ಟು ಕೊಟ್ರಿ, ಯಾವ ಬಣ್ಣ, ಪೂಜೆ ಎಲ್ಲಿ. ಕಬ್ಬಾಳಮ್ಮನ ಗುಡಿ ತಾವ ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು ಹತ್ತಿಸಿ, ಬಾನೆಟ್ಟಿಗೆ ಹಾರ ಹಾಕಿ, ಸ್ವೀಟು ಹಂಚಿದ್ರೆ ನಮ್ಮ ಕೆಲ್ಸ ಮುಗೀತು. ನಾಲ್ಕನೇ ಮಾತೊಂದೈತೆ, ಅದನ್ನ ಕೇಳಬೇಕಾದೋರು ನಾವೇ ಅಂತ ನನ್ನ ವಾದ. "ಹಿಂದ್ಗಡೆ ಎಣ್ಣೆ ಯಾವಾಗ ಬದಲಾಯಿಸಿದ್ರಪ್ಪ?"

ಇಂಜಿನ್ ಆಯಿಲ್ಲು ಎಲ್ರಿಗೂ ಗೊತ್ತು. ಅದಕ್ಕೆ ಕಡ್ಡಿ ಐತೆ, ಎಳೆದು ನೋಡ್ಬೋದು. ತೀರಾ ಕಮ್ಮಿಯಾದ್ರೆ ಮುಂದೆ ಕೆಂಪು ದೀಪ ಹತ್ಕೊಂತದೆ. ಹಿಂದಿನ ಎಣ್ಣೆಗೆ ಕಡ್ಡಿಯೂ ಇಲ್ಲ, ದೀಪವೂ ಇಲ್ಲ. ಹಳೇ ಗಾಡಿ ಹಿಂದೆ ಬಗ್ಗಿ ನೋಡಿದ್ರೆ ಎರಡು ಚಕ್ರದ ನಡುವೆ ಕುಂಬಳಕಾಯಿ ಗಾತ್ರದ್ದೊಂದು ಕಬ್ಬಿಣದ ಉಂಡೆ ಕಾಣ್ತದಲ್ಲ, ಅದರ ಹೊಟ್ಟೆಯೊಳಗಿನ ಎಣ್ಣೆ ಇದು. ಆ ಉಂಡೆಗೆ ಡಿಫರೆನ್ಷಿಯಲ್ ಅಂತ ಹೆಸರು. ಶೆಡ್ಡಿನೋರ ಬಾಯಲ್ಲಿ ಬರೀ ಕ್ರೌನು, ಎಣ್ಣೆ ಕ್ರೌನ್ ಆಯಿಲ್ಲು.

ಅದು ಯಾಕೆ ಬೇಕು ಅನ್ನೋದು ನಮ್ಮ ತಲೆಗೆ ಹತ್ತದೇ ಇರೋ ವಿಷ್ಯ ಏನಲ್ಲ. ಕಣದಲ್ಲಿ ರಾಗಿ ಮೇಲೆ ಗುಂಡು ಹೊಡೆಯೋದು ನೋಡಿದೋರಿಗೆ ಗೊತ್ತು, ಮೇಟಿ ಕಡೆ ಎತ್ತು ಸಣ್ಣ ಹೆಜ್ಜೆ ಹಾಕ್ತದೆ, ಹೊರಗಡೆ ಎತ್ತು ಬಿರಬಿರನೆ ನಡೀಬೇಕು. ತಿರುವಿನಲ್ಲಿ ಗಾಡಿ ಚಕ್ರಗಳಿಗೂ ಅದೇ ಪಾಡು. ಎತ್ತಿನಗಾಡಿಗೆ ಈ ತಾಪತ್ರಯ ಇರ್ಲಿಲ್ಲ. ಎರಡು ಚಕ್ರವೂ ಅಚ್ಚಿನ ಮೇಲೆ ತಮ್ಮ ಪಾಡಿಗೆ ತಾವು ತಿರುಗ್ತಿದ್ವು, ಎಳೆಯೋಕೆ ಎತ್ತು ಇದ್ವು. ಕಾರಿನಲ್ಲಿ ಇಂಜಿನ್ನೇ ಚಕ್ರ ತಿರುಗಿಸ್ಬೇಕು. ಎರಡಕ್ಕೂ ಬಲ ಕೊಡಬೇಕು, ಆದ್ರೆ ಎರಡನ್ನೂ ಒಂದೇ ವೇಗಕ್ಕೆ ಕಟ್ಟಿ ಹಾಕಬಾರ್ದು. ವಾರಗಿತ್ತಿಯರ ಜಗಳ ಬಗೆಹರಿಸಿದಂಗೆ ಇದನ್ನ ಬಗೆಹರಿಸೋ ಹಲ್ಲುಚಕ್ರಗಳು ಆ ಉಂಡೆಯೊಳಗೆ ಅವೆ. 1827ರಲ್ಲಿ ಫ್ರಾನ್ಸಿನ ಒನೆಸಿಫೋರ್ ಪೆಕ್ಯೂರ್ ಅನ್ನೋನು ಹಬೆ ಗಾಡಿಗೆ ಅಂತ ಇದನ್ನ ಪೇಟೆಂಟ್ ಮಾಡಿಸಿದ. ಅವನು ಕಸುಬಿನಲ್ಲಿ ಗಡಿಯಾರದೋನು ಅಂತೆ.

ಎತ್ತಿನಗಾಡಿಗೂ ಎಣ್ಣೆ ಬೇಕಿತ್ತು, ಕೀಲೆಣ್ಣೆ. ಅದನ್ನ ಮಾಡ್ತಿದ್ದೋರು ಯಾರು? ಹರಳು ಹುರಿದು, ಕುಟ್ಟಿ, ಬೇಯಿಸಿ, ಮೇಲೆ ತೇಲಿದ ಎಣ್ಣೆ ತೆಗೀತಿದ್ದೋರು ಮನೆ ಹೆಂಗಸ್ರು. ಹುಲ್ಲು ಸುಟ್ಟ ಕರಿ ಕಲಸಿ, ಬಿದಿರ ಗೊಟ್ಟಕ್ಕೆ ತುಂಬಿ ಗಾಡಿಗೆ ನೇತುಹಾಕ್ತಿದ್ರು. ಗೊಟ್ಟ ಖಾಲಿಯಾಯ್ತಾ ಅಂತ ಕೇಳೋ ಹಕ್ಕು ನಮ್ಮಜ್ಜಿಯರಿಗಿತ್ತು. ಎಣ್ಣೆ ಡಬ್ಬಿಯಲ್ಲಿ ಬರೋಕೆ ಶುರುವಾದ್ಮೇಲೆ ಆ ಹಕ್ಕು ನಮ್ಮ ಕೈಬಿಟ್ಟು ಶೆಡ್ಡಿಗೆ ಹೋಯ್ತು. ಎಣ್ಣೆ ಮಾತ್ರ ಮೊದಲಿನಷ್ಟೇ ಬೇಕು.

ಈ ಮಾತು ಈಗ ಯಾಕೆ ಬಂತು ಅಂದ್ರೆ, ನಮ್ಮಕ್ಕನ ಮಗ ಒಂದು ಹಳೇ ಸಿಪಾನಿ ಡಾಲ್ಫಿನ್ನು ತಂದವ್ನೆ. ಚಿಕ್ಕ ವಯಸ್ಸಿನೋರಿಗೆ ಆ ಹೆಸರೇ ಗೊತ್ತಿರಲ್ಲ. ಎಂಬತ್ತರ ದಶಕದಲ್ಲಿ ನಮ್ಮ ಬೆಂಗಳೂರಿನಲ್ಲೇ ತಯಾರಾಗ್ತಿದ್ದ ಪುಟಾಣಿ ಕಾರು ಅದು. ಇಂಗ್ಲೆಂಡಿನ ರಿಲಯಂಟ್ ಕಿಟನ್ ಅನ್ನೋ ಕಾರಿನ ನಮೂನೆ. ಎರಡೇ ಬಾಗಿಲು, ಫೈಬರ್ ಮೈ, ಮುಂದೆ 848 ಸಿಸಿ ಇಂಜಿನ್ನು, ನೂಕೋದು ಹಿಂದಿನ ಚಕ್ರ. 1983ರ ಕೊನೆಗೆ ಮಾರುತಿ 800 ಬಂತು, ಆಮೇಲೆ ಇದನ್ನ ಕೇಳೋರು ಕಮ್ಮಿಯಾದ್ರು. ಆದ್ರೂ ಹಗುರವಾಗೈತೆ ಅಂತ ರ‍್ಯಾಲಿ ಓಡಿಸೋ ಹುಡುಗ್ರಿಗೆ ಇದರ ಮೇಲೆ ಪ್ರಾಣ. ನಮ್ಮ ಕರ್ನಾಟಕದ್ದೇ ಸ್ಪೋರ್ಟ್ಸ್ ಕಾರು ಅಂತ ಅವನ ಹೆಮ್ಮೆ, ಆಟದ ಸಾಮಾನು ಅಂತ ಅವರಪ್ಪನ ಮಾತು.

ತಂದವನು ಮೊದಲು ಮಾಡ್ಸಿದ್ದು ಬಣ್ಣ. ಆಮೇಲೆ ಅಗಲದ ಚಕ್ರ, ಸೀಟು ಕವರ್ರು, ಎದೆ ನಡುಗೋ ಸ್ಪೀಕರ್ರು. ಎಲ್ಲಾ ಅವರವ್ವನ ಚೀಟಿ ದುಡ್ಡು. ಐವತ್ತು ದಾಟಿದ್ರೆ ಹಿಂದಿನಿಂದ ಗುಂಯ್ ಅಂತ ಒಂದು ಸದ್ದು, ಆಕ್ಸಿಲೇಟರ್ ಒತ್ತಿದ್ರೆ ಒಂದು ರಾಗ, ಬಿಟ್ರೆ ಇನ್ನೊಂದು ರಾಗ. ತೋರಿಸಿದ ಶೆಡ್ಡಿನಲ್ಲಿ ಏನಂದ್ರು ಗೊತ್ತಾ? "ಹಳೇ ಗಾಡಿ ಹಂಗೇಯ. ಕ್ರೌನ್ ಆಯಿಲ್ ಲೈಫ್‌ಟೈಮು, ಮುಟ್ಟೋ ಹಂಗಿಲ್ಲ."

ಯಾರ ಲೈಫು ಅಂತ ಕೇಳಬೇಕಿತ್ತು. ಎಣ್ಣೇದಾ, ಗಾಡೀದಾ, ಅದರೊಳಗೆ ಕುಂತಿರೋ ಮಕ್ಕಳದಾ?

ಆ ಹಲ್ಲುಚಕ್ರಗಳು ಒಂದರ ಮೇಲೊಂದು ಬರೀ ಉರುಳೋದಿಲ್ಲ ಕಣ್ರವ್ವ, ಜಾರಿ ಉಜ್ಜಿಕೊಳ್ತವೆ, ರಾಗಿಕಲ್ಲು ಉಜ್ಜಿದಂಗೆ. ಭಾರವೆಲ್ಲ ಕೂದಲೆಳೆಯಷ್ಟು ಜಾಗದ ಮೇಲೆ ಬೀಳ್ತದೆ. ಸಾಮಾನ್ಯ ಎಣ್ಣೆ ಆ ಒತ್ತಡಕ್ಕೆ ಹಿಂಡಿ ಆಚೆಗೆ ಹೋಯ್ತದೆ. ಅದಕ್ಕೇ ಈ ಎಣ್ಣೆಗೆ ಗಂಧಕದ ಮದ್ದು ಬೆರೆಸಿರ್ತಾರೆ, ಕೊಳೆತ ಮೊಟ್ಟೆ ನಾತ ಬರೋದು ಅದರಿಂದ್ಲೇ. (ಆ ನಾತ ಬಟ್ಟೆಗೆ ಹತ್ತಿದ್ರೆ ಮೂರು ಒಗೆತಕ್ಕೂ ಹೋಗಲ್ಲ. ಹಳೇ ಪಂಚೆ ಉಟ್ಟು ಇಳೀಲಿ.) ಅಂಗಡಿಯಲ್ಲಿ ತೊಂಬತ್ತು ನಂಬರ್ ಅಂತ ಕೇಳ್ತಾರೆ, ಡಬ್ಬಿ ಮೇಲೆ 80ಡಬ್ಲ್ಯು-90, ಜಿಎಲ್-5 ಅಂತ ಇರ್ತದೆ. ಗಾಡಿ ಪುಸ್ತಕ ಏನು ಹೇಳ್ತದೋ ಅದೇ ಸರಿ. ಉಳಿದಿದ್ದನ್ನ ಗೇರ್ ಬಾಕ್ಸಿಗೂ ಸುರಿದುಬುಡೋಣ ಅಂತ ಮಾತ್ರ ಬ್ಯಾಡ. ಜಿಎಲ್-4 ಕೇಳೋ ಹಳೇ ಗೇರ್ ಬಾಕ್ಸಿನ ಹಿತ್ತಾಳೆ ಭಾಗಕ್ಕೆ ಕೆಲವು ಜಿಎಲ್-5 ಎಣ್ಣೆ ಆಗಿಬರಲ್ಲ.

ನಮ್ಮ ವಾರಗಿತ್ತಿ ಮಗಳೊಬ್ಬಳು ಅಮೇರಿಕಾದಲ್ಲವ್ಳೆ. ಅವಳ ತಾವ 1994ರ ಮಜ್ದಾ ಮಿಯಾಟಾ ಐತೆ, ಎರಡೇ ಸೀಟಿಂದು. ಅದರ ಹಿಂದಿನ ಎಣ್ಣೆ ತಾನೇ ಬದಲಾಯಿಸ್ತಾಳೆ, ಒಂದು ಲೀಟ್ರಷ್ಟೇ ಹಿಡಿಸೋದು. ನಮ್ಮ ಹುಡುಗನಿಗೆ ವಿಡಿಯೋ ಕಾಲ್‌ನಲ್ಲಿ ಹೇಳ್ಕೊಟ್ಟೋಳು ಅವಳೇ. ಮೊದಲ ಮಾತು ನಂಗೆ ಬಹಳ ಹಿಡಿಸ್ತು. "ಅಣ್ಣ, ಕೆಳಗಿನ ಬೋಲ್ಟು ಮುಟ್ಟಬ್ಯಾಡ. ತುಂಬಿಸೋ ಬೋಲ್ಟು ಮೊದಲು ಬಿಚ್ಚು." ಯಾಕಂದ್ರೆ ಕೆಳಗಿಂದು ಬಿಚ್ಚಿ ಎಣ್ಣೆಯೆಲ್ಲ ಇಳಿಸಿದ್ಮೇಲೆ ಮೇಲಿಂದು ತುಕ್ಕು ಹಿಡಿದು ಬರಲಿಲ್ಲ ಅಂದ್ರೆ ಗಾಡಿ ಅಲ್ಲೇ ಮಲಗ್ತದೆ. ಅಕ್ಕಿ ಐತಾ ಅಂತ ನೋಡದೆ ಎಸರಿಟ್ಟಂಗೆ.

ಇನ್ನು ಮಿಕ್ಕಿದ್ದು. ಒಂದು ಸುತ್ತು ಸಾತನೂರು ತನಕ ಓಡಿಸ್ಕೊಂಡು ಬಂದ್ರೆ ಎಣ್ಣೆ ಬಿಸಿಯಾಗಿ ಸಲೀಸಾಗಿ ಇಳೀತದೆ, ತಣ್ಣಗಿದ್ರೆ ಬೆಲ್ಲದ ಪಾಕದಂಗೆ ಅಂಟ್ಕೊಂಡಿರ್ತದೆ. ಗಾಡಿ ಸಮಮಟ್ಟಕ್ಕಿರಬೇಕು. ಬರೀ ಜಾಕು ನಂಬಿ ಯಾರೂ ಕೆಳಗೆ ತೂರಬಾರ್ದು, ಇಟ್ಟಿಗೆ ಪೇರಿಸಿದ್ರೂ ಒಡೀತದೆ, ಕಬ್ಬಿಣದ ಸ್ಟ್ಯಾಂಡೇ ಬೇಕು. ಇದೊಂದರಲ್ಲಿ ನಾನು ಸುತರಾಂ ಒಪ್ಪಲ್ಲ, ಸ್ಟ್ಯಾಂಡು ಬರೋ ತನಕ ಹುಡುಗನ್ನ ಕೆಳಗೆ ಬಿಡಲೇ ಇಲ್ಲ. ಇಳಿಸೋ ಬೋಲ್ಟೇ ಇಲ್ಲದ ಗಾಡಿಗಳೂ ಅವೆ, ಅವಕ್ಕೆ ಪಂಪಿನಲ್ಲಿ ಹೀರಿ ತೆಗೀಬೇಕು. ತುಂಬಿಸುವಾಗ ತೂತಿನ ಅಂಚಿಗೆ ಬಂದು ತೊಟ್ಟಿಕ್ಕಿದ್ರೆ ಸಾಕು, ಅಲ್ಲಿಗೆ ನಿಲ್ಲಿಸಬೇಕು. ಜಾಸ್ತಿಯಾದ್ರೂ, ಮೇಲಿರೋ ಉಸಿರು ತೂತು ಕಟ್ಟಿಕೊಂಡಿದ್ರೂ, ಎಣ್ಣೆ ಸೀಲು ದಾಟಿ ಚಕ್ರದ ಬ್ರೇಕಿಗೆ ಇಳೀತದೆ. ಎಣ್ಣೆ ಕುಡಿದ ಬ್ರೇಕು ಹಿಡಿಯಲ್ಲ. ಸಂಗಮದ ಕಡೆ ಇಳಿಜಾರಿನಲ್ಲಿ ಮಕ್ಕಳನ್ನ ಕೂರಿಸ್ಕೊಂಡು ಹೋಗೋರು ಈ ಮಾತು ಮರೀಬಾರ್ದು.

ಇದನ್ನ ಮನೆ ಅಂಗಳದಲ್ಲೇ ಮಾಡಲಿ ಅಂತ ನಾನು ಹೇಳೋದು ದುಡ್ಡು ಉಳೀತದೆ ಅಂತಲ್ಲ. ಎಣ್ಣೆಗೆ ಲೀಟ್ರಿಗೆ ನಾನೂರು ಐನೂರು ಆದೀತು, ಕೂಲಿ ಅಷ್ಟೇನಿಲ್ಲ. ಮನೇಲಿ ಬಿಚ್ಚಿದ್ರೆ ಒಳಗಿಂದ ಏನು ಬಂತು ಅಂತ ನಮ್ಮ ಕಣ್ಣಿಗೆ ಬೀಳ್ತದೆ. ಬೋಲ್ಟಿನ ತುದಿಗೆ ಅಯಸ್ಕಾಂತ ಇದ್ರೆ ಕಾಡಿಗೆಯಂಥ ನುಣುಪು ಪುಡಿ ಅಂಟಿರ್ತದೆ, ಅದು ಸಹಜ. ಚೂರು ಚೂರು ಲೋಹ ಸಿಕ್ಕಿದ್ರೆ ಹಲ್ಲು ಉದುರ್ತಾ ಅವೆ ಅಂತ ಅರ್ಥ. ಎಣ್ಣೆ ಮಜ್ಜಿಗೆಯಂಗೆ ಬೆಳ್ಳಗಾಗಿದ್ರೆ ನೀರು ಹೊಕ್ಕೈತೆ. 2022ರ ಆಗಸ್ಟ್ ಕೊನೆಗೆ ರಾಮನಗರದ ಹತ್ರ ಹೈವೇ ಮೇಲೇ ನೀರು ನಿಂತು ಕಾರುಗಳು ಮುಳುಗಿದ್ವಲ್ಲ, ಅಂಥಾ ನೀರಲ್ಲಿ ಹಾದು ಬಂದ ಗಾಡಿಗೆ ಸೀಟು ಒಣಗಿಸಿ ಸುಮ್ಮನಾದೋರೇ ಜಾಸ್ತಿ. ಶೆಡ್ಡಿನಲ್ಲಿ ಬಿಚ್ಚಿದ್ರೆ ಇದ್ಯಾವುದೂ ನಮಗೆ ಕಾಣಲ್ಲ, ಬಿಲ್ಲು ಒಂದೇ ಕಾಣೋದು.

ಡಾಲ್ಫಿನ್ನಿನಿಂದ ಇಳಿದದ್ದು ಕರ್ರಗಿತ್ತು, ಬಿಸಿಲಿಗೆ ಹಿಡಿದ್ರೆ ಜರಿ ಸೀರೆಯಂಗೆ ಮಿನುಗು. ಅಕ್ಕ ಬಗ್ಗಿ ನೋಡಿ, "ನನ್ನ ಚೀಟಿ ದುಡ್ಡು ಇಲ್ಲಿ ಕರಗೈತೆ" ಅಂದ್ಳು. ಹೊಸ ಎಣ್ಣೆ ಹಾಕಿದ್ಮೇಲೆ ಸದ್ದು ಕಮ್ಮಿಯಾಯ್ತು, ಪೂರ್ತಿ ಹೋಗಲಿಲ್ಲ. ಸವೆದ ಹಲ್ಲನ್ನ ಎಣ್ಣೆ ವಾಪಸ್ಸು ಬೆಳೆಸಲ್ಲ. ಮುಂದೆ ಅದು ಕೆಟ್ರೆ ಒಂದು ಚಕ್ರ ಬದಲಾಯಿಸಿದ್ರೆ ಆಗಲ್ಲ, ಕ್ರೌನು ಪಿನಿಯನ್ನು ಜೋಡಿಯಾಗೇ ಹಾಕಬೇಕು. ಕಂಪನಿಯೇ ಇಲ್ಲದ ಕಾರಿಗೆ ಜೋಡಿ ಎಲ್ಲಿಂದ ತರೋದು? ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ ಸುತ್ತಬೇಕು. ಹೊಸಾ ಗಾಡಿಯೋರಿಗೆ ಕಂಪನಿ ಐತೆ. ಹಳೇದನ್ನ ಪ್ರೀತಿಸೋರಿಗೆ ಇರೋದು ಈ ಒಂದೆರಡು ಲೀಟ್ರು ಎಣ್ಣೆ ಮಾತ್ರ.

"ಗಂಡಸ್ರ ಕೆಲ್ಸಕ್ಕೆ ನಿಂಗ್ಯಾಕವ್ವ ಮೂಗು" ಅಂತ ಪಕ್ಕದ ಮನೆ ಚಿಕ್ಕವ್ವ ಕೇಳಿದ್ರು. ಚಿಕ್ಕವ್ವ, ನಾನು ಗಾಡಿ ಕೆಳಗೆ ತೂರು ಅಂತ ಹೇಳ್ತಿಲ್ಲ, ತೂರೋ ಹುಡುಗಿಯರು ತೂರಲಿ. ಗ್ಯಾಸ್ ಬುಕ್ ಮಾಡಿದ ತಾರೀಖು, ಹಸುಗೆ ಇಂಜೆಕ್ಷನ್ ಕೊಡ್ಸಿದ ತಾರೀಖು, ಹುಳ ನಾಲ್ಕನೇ ಜ್ವರಕ್ಕೆ ಕುಂತ ತಾರೀಖು ಎಲ್ಲ ಕ್ಯಾಲೆಂಡರಿನ ಮೇಲೆ ಗೀಚೋರು ನಾವು. ಅದರ ಪಕ್ಕ ಇದೊಂದನ್ನ ಗೀಚೋಕೆ ಏನು ಕಷ್ಟ? ಇದು ಶೋಕಿ ಕಾರಿನೋರ ಮಾತೂ ಅಲ್ಲ. ರಾಮನಗರದ ಮಾರ್ಕೆಟ್ಟಿಗೆ ಗೂಡು ಹೊರೋ ಟಾಟಾ ಏಸು, ಪಿಕಪ್ಪು, ಎಲ್ಲಕ್ಕೂ ಹಿಂದೆ ಇದೇ ಉಂಡೆ. ಗೂಡಿನ ದಿನ ಅದು ದಾರಿಯಲ್ಲಿ ಕಚ್ಕೊಂಡು ನಿಂತ್ರೆ ಹೋಗೋದು ನಮ್ಮ ಒಂದು ಬೆಳೆ. ಸಾಮಾನ್ಯಕ್ಕೆ ನಲವತ್ತು ಐವತ್ತು ಸಾವಿರ ಕಿಲೋಮೀಟರಿಗೆ ಒಂದ್ಸಲ ಅಂತಾರೆ, ಭಾರ ಹೊರೋ ಗಾಡಿಗೆ ಅದಕ್ಕೂ ಮುಂಚೆ. ನಿಂತೇ ಇರೋ ಹಳೇ ಕಾರಿಗೆ ಕಿಲೋಮೀಟರು ಲೆಕ್ಕ ಬ್ಯಾಡ, ವರ್ಷ ಲೆಕ್ಕ ಹಾಕಿ. ಸೆಕೆಂಡ್ ಹ್ಯಾಂಡ್ ತಂದ್ರೆ ಬಣ್ಣಕ್ಕೂ ಮುಂಚೆ ಇದೇ.

ಇಳಿಸಿದ ಎಣ್ಣೇನ ಗೆದ್ದಲಿಗೆ ಅಂತ ಕಂಬಕ್ಕೆ ಬಳಿಯೋದು, ಬೇಲಿ ಬುಡಕ್ಕೆ ಸುರಿಯೋದು ಬ್ಯಾಡ, ಅದು ಬಾವಿಗೇ ಇಳಿಯೋದು. ಹುಳದ ಮನೆ ಹತ್ರಕ್ಕಂತೂ ತರಲೇಬ್ಯಾಡಿ, ಆ ಕೈಯಲ್ಲಿ ಸೊಪ್ಪು ಮುಟ್ಟಬ್ಯಾಡಿ. ಬಳಸಿದ ಎಣ್ಣೆ ಕೊಳ್ಳೋಕೆ ಲೈಸೆನ್ಸ್ ಇರೋರು ಅವ್ರೆ, ದೊಡ್ಡ ಸರ್ವೀಸ್ ಸ್ಟೇಷನ್ನಿನೋರು ಅವರಿಗೆ ಕೊಡ್ತಾರೆ. ನಮ್ಮದು ಮುಚ್ಚಳ ಬಿಗಿದ ಒಂದು ಕ್ಯಾನು ಜಗಲಿ ಕೆಳಗೈತೆ. ಈ ವಾರ ಕನಕಪುರಕ್ಕೆ ಗಾಡಿಯಲ್ಲಿ ಹೋಗೋರು ಯಾರಾದ್ರೂ ಇದ್ರೆ ಒಂದು ಕೂಗು ಹಾಕಿ, ಕಳಿಸ್ಕೊಡ್ತೀನಿ.