ಮೊದಲು ಪಾದರಸ ಇಳಿಯಲಿ

ಪಾದರಸದ ಥರ್ಮಾಮೀಟರನ್ನು ಜ್ವರ ನೋಡುವ ಮುನ್ನ ಕೊಡವುತ್ತೇವೆ, ಅಲ್ಲವೇ ಮಕ್ಕಳೇ? ಹಿಂದಿನ ಜ್ವರದ ಅಂಕಿ ಉಳಿದಿದ್ದರೆ ಹೊಸ ಅಳತೆ ತಪ್ಪುತ್ತದೆ. ಪತ್ರಕರ್ತರಿಗೂ ಇದೇ ನಿಯಮ.

1950ರ ದಶಕದ ಆರಂಭದಲ್ಲಿ ಅಮೆರಿಕ ಸಂಶಯದಿಂದ ಒಡೆದಿತ್ತು. ಸೆನೆಟರ್ ಜೋಸೆಫ್ ಮೆಕಾರ್ಥಿ ಅನೇಕರನ್ನು ಕಮ್ಯುನಿಸ್ಟರೆಂದು ದೂರುತ್ತಿದ್ದರು. ಬರೀ ಅನುಮಾನಕ್ಕೇ ಎಷ್ಟೋ ಮಂದಿ ಕೆಲಸ ಕಳೆದುಕೊಂಡರು. 1954ರ ಮಾರ್ಚ್ 9ರಂದು ಸಿಬಿಎಸ್ ಟಿ.ವಿ.ಯಲ್ಲಿ ಎಡ್ವರ್ಡ್ ಮರೋ ಕೂಗಾಡಲಿಲ್ಲ. ಮೆಕಾರ್ಥಿಯವರ ಮಾತನ್ನೇ ತೋರಿಸಿ, ಪಕ್ಕದಲ್ಲಿ ಸತ್ಯಾಂಶವನ್ನಿಟ್ಟರು. ಆರೋಪವೇ ಸಾಕ್ಷ್ಯವಲ್ಲವೆಂದರು. ಸಾವಿರಾರು ಪತ್ರ, ತಂತಿಗಳು ಬಂದವು, ಬಹುಪಾಲು ಮೆಚ್ಚುಗೆಯವೇ. ಅಂಜಿ ಸುಮ್ಮನಿದ್ದವರಿಗೆ ಆ ಶಾಂತ ದನಿ ಧೈರ್ಯ ತಂದಿತ್ತು.

ಪಾಲಕರೇ, ಸಮಾಧಾನದಿಂದ ಬರೆಯುವ ಪತ್ರಕರ್ತರು ಕಂಡರೆ ಮಕ್ಕಳಿಂದ ಒಂದು ಕಾರ್ಡು ಬರೆಸಿ. ಬೈಗುಳದ ಪತ್ರಗಳು ಅವರಿಗೆ ಹೇಗೂ ತಲುಪುತ್ತವೆ.