ಚಪ್ಪಾಳೆ ಸಂಬಳವಲ್ಲ

ನಮ್ಮಲ್ಲಿ ಒಂದು ಮಾತು ಬಹಳ ಮರ್ಯಾದೆಯಿಂದ ಓಡಾಡಿಕೊಂಡಿದೆ: ಪ್ರೀತಿಯಿಂದ ಮಾಡುವ ಕೆಲಸಕ್ಕೆ ಬೆಲೆ ಕಟ್ಟಬಾರದು. ಈ ಮಾತನ್ನು ಕೆಲಸ ಮಾಡುವವರ ಬಾಯಲ್ಲಿ ಕೇಳಿದ್ದು ಕಡಿಮೆ. ಹೆಚ್ಚಾಗಿ ಹೇಳುವವರು ಬೆಲೆ ಕೊಡಬೇಕಾದವರೇ. ಕವಿಗೋಷ್ಠಿಗೆ ಕರೆದು ಶಾಲು ಹೊದಿಸಿ ಬಸ್ ಚಾರ್ಜು ಮರೆಯುವವರು, ಸಂಶೋಧನಾ ವಿದ್ಯಾರ್ಥಿಯಿಂದ ವಾರಕ್ಕೆ ಆರು ತರಗತಿ ಮಾಡಿಸಿಕೊಂಡು ‘ಅನುಭವ ಆಯ್ತಲ್ಲ’ ಎನ್ನುವವರು. ಈ ಮಾತಿನ ಟೊಳ್ಳು ನೋಡಬೇಕಿದ್ದರೆ ಸಾಹಿತ್ಯದಿಂದ ನಾಲ್ಕು ಹೆಜ್ಜೆ ಆಚೆ ಹೋಗಬೇಕು. ನಮ್ಮ ಕೇರಿಯಲ್ಲೇ ನಿಂತು ನೋಡಿದರೆ ಅದು ಸಂಸ್ಕೃತಿಯ ಹಾಗೆ ಕಾಣುತ್ತದೆ. ಹಾಗಾಗಿ ನಾನಿಲ್ಲಿ ಟ್ರಯಥ್ಲಾನ್ ಎಂಬ ಆಟದ ಬಗ್ಗೆ, ಅದನ್ನೇ ಹೊಟ್ಟೆಪಾಡು ಮಾಡಿಕೊಂಡವರ ಬಗ್ಗೆ ಬರೆಯುತ್ತಿದ್ದೇನೆ.

ಈಜು, ಸೈಕಲ್, ಓಟ, ಒಂದರ ಬೆನ್ನಿಗೆ ಒಂದು. ಒಲಿಂಪಿಕ್ಸಿನಲ್ಲಿ 1.5 ಕಿ.ಮೀ. ಈಜು, 40 ಕಿ.ಮೀ. ಸೈಕಲ್, 10 ಕಿ.ಮೀ. ಓಟ. ಐರನ್‌ಮ್ಯಾನ್ ಎಂಬ ದೊಡ್ಡಣ್ಣನಲ್ಲಿ 3.8 ಕಿ.ಮೀ. ಈಜು, 180 ಕಿ.ಮೀ. ಸೈಕಲ್, ಆಮೇಲೆ ಒಂದು ಪೂರ್ತಿ ಮ್ಯಾರಥಾನ್. ಇದು ಹವಾಯಿಯಲ್ಲಿ 1978ರಲ್ಲಿ ಶುರುವಾಯಿತು. ಹೊರಟವರು 15 ಜನ, ಮುಗಿಸಿದವರು 12. ಗೆದ್ದ ಗಾರ್ಡನ್ ಹಾಲರ್ ಟ್ಯಾಕ್ಸಿ ಓಡಿಸುತ್ತಿದ್ದವನು. ಅಲ್ಲಿಯವರೆಗೆ ಅದು ಸ್ನೇಹಿತರ ಪಂಥ, ಹುಚ್ಚಾಟ. ಅದಕ್ಕೆ ಯಾರೂ ಸಂಬಳ ಕೇಳಬೇಕಿರಲಿಲ್ಲ, ಕೇಳಲೂ ಇಲ್ಲ.

ಕಥೆ ಬದಲಾದದ್ದು 1982ರಲ್ಲಿ. ಜೂಲಿ ಮಾಸ್ ಎಂಬ ಕಾಲೇಜು ಹುಡುಗಿ ತನ್ನ ಪದವಿಯ ಪ್ರಬಂಧಕ್ಕೆ ಮಾಹಿತಿ ಬೇಕೆಂದು ಆ ಸ್ಪರ್ಧೆಗೆ ಇಳಿದಳು. (ಕ್ಷೇತ್ರಕಾರ್ಯ ಎಂದು ಮೂರು ಹಳ್ಳಿ ಸುತ್ತಿ ಬಂದು ಸುಸ್ತಾಯಿತು ಎನ್ನುವ ನಾವು ಇದನ್ನು ಸ್ವಲ್ಪ ಗಮನಿಸಬೇಕು.) ಕೊನೆಯ ಹಂತದಲ್ಲಿ ಮುಂದಿದ್ದವಳು ಕುಸಿದಳು, ಎದ್ದಳು, ಮತ್ತೆ ಕುಸಿದಳು. ಗೆರೆ ಕಣ್ಣೆದುರಿಗೇ ಇರುವಾಗ ಕ್ಯಾಥ್ಲೀನ್ ಮೆಕಾರ್ಟ್ನಿ ಪಕ್ಕದಿಂದ ದಾಟಿ ಹೋದಳು. ಜೂಲಿ ಅಂಬೆಗಾಲಿಟ್ಟು ತೆವಳಿ ಎರಡನೆಯವಳಾಗಿ ಗೆರೆ ಮುಟ್ಟಿದಳು. ಎಬಿಸಿ ಟೆಲಿವಿಷನ್ ಅದನ್ನು ಅಮೆರಿಕದ ಮನೆಮನೆಗೆ ತೋರಿಸಿತು. ಐರನ್‌ಮ್ಯಾನ್ ಎಂಬ ಹೆಸರು ಇವತ್ತು ಯಾವ ಬೆಲೆ ಬಾಳುತ್ತದೋ ಅದಕ್ಕೆ ಆ ತೆವಳಿಕೆಯೇ ಬುನಾದಿ. ಬಹುಮಾನದ ಹಣವೆಷ್ಟು ಎಂದರೆ, ಆಗ ಬಹುಮಾನದ ಹಣವೇ ಇರಲಿಲ್ಲ. ಅದು ಮೊದಲು ಬಂದದ್ದು 1986ರಲ್ಲಿ, 1,00,000 ಡಾಲರ್. ಅದೂ ಹೆಸರು ಹೇಳದ ಒಬ್ಬ ದಾನಿ ಕೊಟ್ಟದ್ದು. ಗಮನಿಸಿ, ದಾನಿ! ದುಡಿದವರಿಗೆ ಮೊದಲ ಕಾಸು ಬಂದದ್ದು ಹಕ್ಕಾಗಿ ಅಲ್ಲ, ಪುಣ್ಯದ ಲೆಕ್ಕದಲ್ಲಿ.

ಈಗ ಎರಡು ಲೆಕ್ಕಗಳನ್ನು ಅಕ್ಕಪಕ್ಕ ಇಟ್ಟು ನೋಡೋಣ. 1990ರಲ್ಲಿ ಐರನ್‌ಮ್ಯಾನ್ 30 ಲಕ್ಷ ಡಾಲರಿಗೆ ಮಾರಾಟವಾಯಿತು. 2015ರಲ್ಲಿ ಚೀನಾದ ವಾಂಡಾ ಕಂಪನಿ ಅದನ್ನು 65 ಕೋಟಿ ಡಾಲರಿಗೆ ಕೊಂಡಿತು. 2020ರಲ್ಲಿ ಅಡ್ವಾನ್ಸ್ ಎಂಬ ಅಮೆರಿಕದ ಪ್ರಕಾಶನ ಸಂಸ್ಥೆಗೆ 73 ಕೋಟಿ ಡಾಲರಿಗೆ ಹೋಯಿತು. ಮೂವತ್ತು ವರ್ಷದಲ್ಲಿ ಇನ್ನೂರ ನಲವತ್ತು ಪಟ್ಟು. ಅದೇ ಕಂಪನಿಯ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ, 2022ರ ಹೊತ್ತಿಗೆ, ಹೆಂಗಸರಿಗೂ ಗಂಡಸರಿಗೂ ಸೇರಿ ಇಟ್ಟ ಒಟ್ಟು ಬಹುಮಾನ 7,50,000 ಡಾಲರ್. 1986ರ ದಾನದ ಏಳೂವರೆ ಪಟ್ಟು. ಇದು ಪೂರ್ತಿ ನ್ಯಾಯದ ಹೋಲಿಕೆಯಲ್ಲ ಎಂದು ಯಾರಾದರೂ ಹೇಳಬಹುದು. 1990ರಲ್ಲಿ ಕೈಬದಲಾದದ್ದು ಚಿಕ್ಕ ವ್ಯವಹಾರ, 2020ರದ್ದು ಭೂಮಿಯ ತುಂಬ ಹರಡಿದ ಸ್ಪರ್ಧೆಗಳ ಸರಣಿ, ಬೇರೆ ಊರುಗಳ ಬಹುಮಾನವನ್ನೂ ಸೇರಿಸಬೇಕು ಎಂದು. ಸೇರಿಸೋಣ. ಆದರೂ ಆ ಕಂದರ ಮುಚ್ಚುವುದಿಲ್ಲ.

ಇನ್ನು ಆ 7,50,000ದೊಳಗೆ ಇಣುಕಿ ನೋಡಿ. ಗೆದ್ದ ಒಬ್ಬ ಗಂಡಸಿಗೆ 1,25,000, ಗೆದ್ದ ಒಬ್ಬ ಹೆಂಗಸಿಗೆ 1,25,000. ಅಂದರೆ ಮೂರರಲ್ಲಿ ಒಂದು ಪಾಲು ಇಬ್ಬರಿಗೇ ಮುಗಿಯಿತು. ಅಲ್ಲಿಂದ ಕೆಳಗೆ ಮೊತ್ತ ಬಾವಿಗೆ ಬಿದ್ದ ಕಲ್ಲಿನ ಹಾಗೆ ಇಳಿಯುತ್ತದೆ, ಕೆಲವು ಸ್ಥಾನಗಳ ಆಚೆಗೆ ಸೊನ್ನೆ. ಆ ಸೊನ್ನೆಯವರು ಅಡ್ಡಾದಿಡ್ಡಿ ಜನರಲ್ಲ, ಲೋಕದ ಅತ್ಯುತ್ತಮ ಐವತ್ತು ಜನರೊಳಗೆ ಇರುವವರು. ವಿಮಾನದ ಟಿಕೆಟ್ಟು, ಸೈಕಲ್ ಪೆಟ್ಟಿಗೆಯ ಬಾಡಿಗೆ, ಹೋಟೆಲು, ಕೋಚು, ಫಿಸಿಯೋ ಎಲ್ಲ ಅವರ ಜೇಬಿನದೇ. ವೃತ್ತಿಪರ ಎಂದು ಹೇಳಿಕೊಳ್ಳಲು ವರ್ಷವರ್ಷ ಸದಸ್ಯತ್ವದ ಶುಲ್ಕವನ್ನೂ ಕಂಪನಿಗೆ ಕಟ್ಟಬೇಕು. ಕೆಲಸಕ್ಕೆ ಬರಲು ಯಜಮಾನನಿಗೇ ದುಡ್ಡು ಕೊಡುವ ಉದ್ಯೋಗಗಳು ಪ್ರಪಂಚದಲ್ಲಿ ಎಷ್ಟಿವೆಯೋ ನನಗೆ ತಿಳಿಯದು. ಪ್ರಕಟಣೆಗೆ ದುಡ್ಡು ಕಟ್ಟಿಸಿಕೊಳ್ಳುವ ಸಂಶೋಧನಾ ಪತ್ರಿಕೆಗಳು ಮಾತ್ರ ತಕ್ಷಣ ನೆನಪಾಗುತ್ತವೆ.

ಇವರ ದಿನ ಹೇಗಿರುತ್ತದೆ? ಬೆಳಿಗ್ಗೆ ನಾಲ್ಕೈದು ಕಿ.ಮೀ. ಈಜು, ಆಮೇಲೆ ಮೂರು ನಾಲ್ಕು ತಾಸು ಸೈಕಲ್, ಸಂಜೆ ಓಟ. ವಾರಕ್ಕೆ ಇಪ್ಪತ್ತೈದು ಮೂವತ್ತು ತಾಸು. ಅಷ್ಟೇನಾ, ಕಚೇರಿಯವರು ನಲವತ್ತೆಂಟು ತಾಸು ದುಡಿಯುವುದಿಲ್ಲವೇ ಎನ್ನಬೇಡಿ. ಉಳಿದ ತಾಸುಗಳೂ ಅವರ ಸ್ವಂತದ್ದಲ್ಲ. ಮಧ್ಯಾಹ್ನದ ನಿದ್ದೆ ಕೆಲಸ. ಊಟ ಕೆಲಸ. ಸೈಕಲ್ ಮೇಲೆ ತಾಸಿಗೆ 90 ಗ್ರಾಂ, ಈಗೀಗ ಅದಕ್ಕಿಂತ ಹೆಚ್ಚು ಸಕ್ಕರೆಯನ್ನು ಅರಗಿಸಿಕೊಳ್ಳಬೇಕು. ಸಾಮಾನ್ಯ ಹೊಟ್ಟೆ ಅದನ್ನು ವಾಂತಿ ಮಾಡುತ್ತದೆ. ಆದ್ದರಿಂದ ಹೊಟ್ಟೆಗೂ ತಿಂಗಳುಗಟ್ಟಲೆ ತರಬೇತಿ. ವ್ಯಾಯಾಮದ ನಡುವೆ ಕಿವಿಯ ಹಾಲೆ ಚುಚ್ಚಿ ರಕ್ತದ ಹನಿ ತೆಗೆದು ಲ್ಯಾಕ್ಟೇಟ್ ಅಳೆಯುತ್ತಾರೆ. ಮಗುವಿನ ನೆಗಡಿ ಅಂಟಿದರೆ ಒಂದು ತಿಂಗಳ ವರಮಾನಕ್ಕೆ ಕುತ್ತು. ನಮ್ಮ ವಿಚಾರ ಸಂಕಿರಣಗಳಲ್ಲಿ ‘ದೇಹ ರಾಜಕಾರಣ’ ಎಂಬ ಪದ ಚಹಾದಷ್ಟೇ ಧಾರಾಳವಾಗಿ ಹರಿಯುತ್ತದೆ. ಇಪ್ಪತ್ತನಾಲ್ಕು ತಾಸೂ ದೇಹವನ್ನೇ ಬಂಡವಾಳವಾಗಿ ಹೂಡಿದ ಈ ಕೂಲಿಯ ಬಗ್ಗೆ ಮಾತ್ರ ಒಂದು ಪ್ರಬಂಧವೂ ನನ್ನ ಕಣ್ಣಿಗೆ ಬಿದ್ದಿಲ್ಲ. ಆಟ ನಮಗೆ ಗಂಭೀರವಲ್ಲ. ಗಂಭೀರವಾಗಬೇಕಾದರೆ ಅದು ಕಾದಂಬರಿಯೊಳಗೆ ಬರಬೇಕು.

ಆ ಬಂಡವಾಳಕ್ಕೆ ವಿಮೆಯಾದರೂ ಗಟ್ಟಿಯಿದೆಯೇ? ಟಿಮ್ ಡಾನ್ 2017ರ ಮೇ ತಿಂಗಳಲ್ಲಿ ಬ್ರೆಜಿಲ್‌ನಲ್ಲಿ ಐರನ್‌ಮ್ಯಾನ್ ಹೆಸರಿನ ಸ್ಪರ್ಧೆಗಳಲ್ಲಿ ಆವರೆಗಿನ ಅತಿ ಕಡಿಮೆ ಸಮಯದಲ್ಲಿ ಮುಗಿಸಿದರು, 7 ಗಂಟೆ 40 ನಿಮಿಷ. ಅಕ್ಟೋಬರಿನಲ್ಲಿ ಹವಾಯಿಯ ಸ್ಪರ್ಧೆಗೆ ಇನ್ನು ಕೆಲವೇ ದಿನ ಇರುವಾಗ, ಸೈಕಲ್ ಅಭ್ಯಾಸದಲ್ಲಿ, ವಾಹನ ಡಿಕ್ಕಿ ಹೊಡೆದು ಕುತ್ತಿಗೆಯ ಮೂಳೆ ಮುರಿಯಿತು. ತಲೆಬುರುಡೆಗೆ ತಿರುಪು ಹಾಕಿ ಕಬ್ಬಿಣದ ಬಳೆ ಕೂರಿಸಿದರು. ಆರು ತಿಂಗಳಿಗೆ ಆತ ಬಾಸ್ಟನ್ ಮ್ಯಾರಥಾನ್ ಓಡಿದ. ಎಲ್ಲರೂ ಇದನ್ನು ಛಲದ ಕಥೆಯಾಗಿ ಹೇಳಿದರು, ಸಾಕ್ಷ್ಯಚಿತ್ರವೂ ಬಂತು. ಛಲ ನಿಜ. ಆದರೆ ನನಗೆ ಅದರಲ್ಲಿ ಕಾಣುವುದು ಕೆಲಸದ ಜಾಗದ ಅಪಘಾತ. ಕಾರ್ಖಾನೆಯಲ್ಲಿ ಹೀಗಾಗಿದ್ದರೆ ಪರಿಹಾರದ ಕಾನೂನು ಕೇಳುತ್ತಿದ್ದೆವು, ಆಟಗಾರನಿಗಾದರೆ ಸ್ಫೂರ್ತಿ ಕೇಳುತ್ತೇವೆ.

‘ನೋಡುವ ಜನವಿಲ್ಲ, ಹಾಗಾಗಿ ಹಣವಿಲ್ಲ. ಮಾರುಕಟ್ಟೆ ಇರುವುದೇ ಹೀಗೆ.’ ಈ ವಾದವನ್ನು ಜಾಣರೆಲ್ಲ ಹೇಳುತ್ತಾರೆ. ಅರ್ಧ ಸತ್ಯ. ಕ್ರಿಕೆಟ್ಟಿನಲ್ಲಿ ಜನ ನೋಡಲು ದುಡ್ಡು ಕೊಡುತ್ತಾರೆ, ಟ್ರಯಥ್ಲಾನಿನಲ್ಲಿ ಆಡಲು ಕೊಡುತ್ತಾರೆ. ಹವಾಯಿಯ ಸ್ಪರ್ಧೆಯ ಪ್ರವೇಶ ಶುಲ್ಕವೇ ಸಾವಿರ ಡಾಲರ್ ದಾಟಿದೆ. ಈ ವಕೀಲರು, ವೈದ್ಯರು, ಸಾಫ್ಟ್‌ವೇರಿನವರು ಏನನ್ನು ಕೊಳ್ಳುತ್ತಿದ್ದಾರೆ? ಚಾಂಪಿಯನ್ನರು ಓಡಿದ ಅದೇ ರಸ್ತೆಯಲ್ಲಿ, ಅದೇ ದಿನ, ಅದೇ ಗೆರೆ ದಾಟುವ ಅನುಭವವನ್ನು. ವೃತ್ತಿಪರರು ಆ ಕನಸಿನ ಜಾಹೀರಾತು. ಆ ಜಾಹೀರಾತಿಗೆ ಸಂಭಾವನೆ ಕೊಡಲು ‘ನೋಡುಗರಿಲ್ಲ’ ಎನ್ನುವುದು, ಮದುವೆ ಊಟ ಬಡಿಸಿಕೊಂಡು ವಾಲಗದವರಿಗೆ ‘ಯಾರೂ ಕೇಳಿಸಿಕೊಳ್ಳಲಿಲ್ಲ’ ಎಂದು ಕೈ ಆಡಿಸುವ ಹಾಗೆ.

ಮಾರುಕಟ್ಟೆಯ ಮಾತೇ ಬಂದದ್ದರಿಂದ ಇನ್ನೊಂದು. ಆಟಗಾರರೇ ಪಾಲುದಾರರಾದ ವೃತ್ತಿಪರರ ಸಂಘಟನೆಯೊಂದು, ಮೈಕೆಲ್ ಮೊರಿಟ್ಜ್ ಎಂಬ ಹೂಡಿಕೆದಾರನ ಹಣದ ಬಲದಿಂದ, 2022ರಲ್ಲಿ 10 ಲಕ್ಷ ಡಾಲರ್ ಬಹುಮಾನದ ಸ್ಪರ್ಧೆಗಳನ್ನು ಇಟ್ಟಿತು. ಹೆರಿಗೆ ಕಾಲದಲ್ಲಿ ಆಟಗಾರ್ತಿಯರಿಗೆ ಹಣ ಕೊಡುವ ನೀತಿ ತಂದಿತು. 2024ರಲ್ಲಿ ಐರನ್‌ಮ್ಯಾನ್ ತಾನೂ 17 ಲಕ್ಷ ಡಾಲರಿನ ಸರಣಿ ಬಹುಮಾನ ಪ್ರಕಟಿಸಿತು. ನಲವತ್ತು ವರ್ಷ ಇಲ್ಲದ ಹಣ ಎದುರು ಅಂಗಡಿ ತೆರೆದ ಕೂಡಲೇ ಎಲ್ಲಿಂದ ಬಂತು? ಇದರಿಂದ ಎಲ್ಲ ಸರಿಹೋಯಿತು ಎಂದೂ ನಾನು ಹೇಳುತ್ತಿಲ್ಲ. ಹೊಸ ಸಂಘಟನೆಯ 2024ರ ಸರಣಿಯಲ್ಲಿ ಒಪ್ಪಂದ ಸಿಕ್ಕಿದ್ದು ಇಪ್ಪತ್ತು ಗಂಡಸರಿಗೆ, ಇಪ್ಪತ್ತು ಹೆಂಗಸರಿಗೆ. ನಲವತ್ತೊಂದನೆಯವರು ಮತ್ತೆ ಬಯಲಲ್ಲಿ. ಒಬ್ಬ ಸಿರಿವಂತನ ಆಸಕ್ತಿಯ ಮೇಲೆ ನಿಂತ ಬದುಕು 1986ರ ದಾನಕ್ಕಿಂತ ಎಷ್ಟು ದೂರ ಬಂದಿದೆ ಎಂಬ ಅನುಮಾನ ನನಗಿದೆ.

ಹೆಂಗಸರ ಲೆಕ್ಕ ಬೇರೆಯೇ. ಬಹುಮಾನದ ಮೊತ್ತ ಸಮಾನ ಎಂದು ಐರನ್‌ಮ್ಯಾನ್ ಹೆಮ್ಮೆಪಡುತ್ತದೆ. ಸರಿ. ಆದರೆ 2015ರಲ್ಲಿ ಹವಾಯಿಗೆ ವೃತ್ತಿಪರ ಗಂಡಸರಿಗೆ ಐವತ್ತು ಜಾಗವಿದ್ದರೆ ಹೆಂಗಸರಿಗೆ ಮೂವತ್ತೈದು. ತಟ್ಟೆ ಒಂದೇ ಅಳತೆಯದು, ಪಂಕ್ತಿ ಮಾತ್ರ ಚಿಕ್ಕದು. ಇದನ್ನು ಆಟಗಾರ್ತಿಯರು ಬಹಿರಂಗವಾಗಿ ಪ್ರಶ್ನಿಸಿ ಚಳವಳಿಯನ್ನೇ ಮಾಡಬೇಕಾಯಿತು.

ಗೆದ್ದವನಿಗೆ ಎಲ್ಲ, ಉಳಿದವರಿಗೆ ಚಪ್ಪಾಳೆ ಎಂಬ ಏರ್ಪಾಡು ನಮಗೆ ಅಪರಿಚಿತವೇನಲ್ಲ. ಜೆಆರ್‌ಎಫ್ ಬಂದವರಿಗೆ ತಿಂಗಳಿಗೆ 37,000 ರೂಪಾಯಿ. ಅದೇ ವಿಭಾಗದಲ್ಲಿ, ಅದೇ ಬೆಂಚಿನಲ್ಲಿ, ನೆಟ್ ಇಲ್ಲದ ಫೆಲೋಶಿಪ್‌ನವರಿಗೆ 8,000. ಅದೂ ಕೇಂದ್ರೀಯ ವಿಶ್ವವಿದ್ಯಾಲಯವಾದರೆ. ನಡುವಿನ ಅಂತರ ಕೆಲವೊಮ್ಮೆ ಎರಡು ಬಹು ಆಯ್ಕೆಯ ಪ್ರಶ್ನೆ. (ನಾನು ಯಾವ ಬದಿಯವನೆಂದು ಹೇಳುವುದಿಲ್ಲ. ಹೇಳಿದರೆ ವಾದವನ್ನು ಬಿಟ್ಟು ಅಂಕಪಟ್ಟಿ ನೋಡುತ್ತೀರಿ.) 8,000ದವನಿಗೆ ಉಳಿದ ಸಂಬಳವನ್ನು ನಾವು ಯಾವುದರಲ್ಲಿ ಕೊಡುತ್ತೇವೆ? ‘ಜ್ಞಾನದ ಹಸಿವು’ ಎಂಬ ಪದದಲ್ಲಿ.

ಕೆಲವರು ಇಲ್ಲಿಗೆ ಕಾಯಕವನ್ನು ಎಳೆದು ತರುತ್ತಾರೆ. ಪ್ರೇರಣಾ ಭಾಷಣಕಾರರಿಗಂತೂ ಅದು ಅಂಗೈಯ ನೆಲ್ಲಿ. ಆ ಶಬ್ದದೊಳಗೆ ಕಾಯವಿದೆ, ಮೈಯಿದೆ ಎಂಬುದನ್ನು ಅವರು ಮರೆಯುತ್ತಾರೆ. ನುಲಿಯ ಚಂದಯ್ಯ ಹೊಸೆದ ಹಗ್ಗಕ್ಕೆ ಪೇಟೆಯಲ್ಲಿ ಬೆಲೆಯಿತ್ತು, ಆ ಹಣದಿಂದಲೇ ದಾಸೋಹ ನಡೆಯಬೇಕಿತ್ತು. ಆಯ್ದಕ್ಕಿ ಲಕ್ಕಮ್ಮ ಗಂಡ ಹೆಚ್ಚಾಗಿ ತಂದ ಅಕ್ಕಿಯನ್ನು ಇದ್ದಲ್ಲಿಗೇ ಸುರಿದು ಬಾ ಎಂದು ಕಳಿಸಿದಳು. ಬೇಕಾದ್ದಕ್ಕಿಂತ ಕಡಿಮೆ ತಂದು ಉಪವಾಸವಿರು ಎಂದು ಅವಳೆಲ್ಲೂ ಹೇಳಿಲ್ಲ. ಕಾಯಕದ ಹೆಸರಿನಲ್ಲಿ ಪುಕ್ಕಟೆ ದುಡಿಸಿಕೊಳ್ಳುವುದು ಶರಣರ ಮಾತಲ್ಲ, ದುಡಿಸಿಕೊಳ್ಳುವವರ ಅನುಕೂಲ.

ಹಣ ಕಡಿಮೆಯಿರುವ ಕಡೆ ಮೋಸ ಹುಟ್ಟುತ್ತದೆ ಎಂಬ ಸರಳ ಸೂತ್ರವನ್ನೂ ನಾನು ಒಪ್ಪುವುದಿಲ್ಲ. 2022ರಲ್ಲಿ ಡಲ್ಲಾಸ್‌ನ 10 ಲಕ್ಷ ಡಾಲರ್ ಬಹುಮಾನದ ಸ್ಪರ್ಧೆ ಗೆದ್ದ ಕಾಲಿನ್ ಚಾರ್ಟಿಯರ್ ಮರುವರ್ಷ ಇಪಿಒ ಎಂಬ ಮದ್ದು ಸೇವಿಸಿದ್ದು ಪರೀಕ್ಷೆಯಲ್ಲಿ ಪತ್ತೆಯಾಗಿ, ಒಪ್ಪಿಕೊಂಡು, ಮೂರು ವರ್ಷದ ನಿಷೇಧಕ್ಕೆ ಒಳಗಾದ. ಬಡತನದ ನೆಪ ಅವನಿಗೆ ಹೊಂದುವುದಿಲ್ಲ. ನನ್ನ ವಾದವಿರುವುದು ಅಂಥವರ ಪರವಾಗಿಯಲ್ಲ, ಯಾವ ಮದ್ದೂ ಇಲ್ಲದೆ ಇಪ್ಪತ್ತೆರಡನೆಯ ಸ್ಥಾನಕ್ಕೆ ಬಂದು, ಸೋಮವಾರ ಬೆಳಿಗ್ಗೆ ಹವ್ಯಾಸಿಗಳಿಗೆ ತರಬೇತಿಯ ವೇಳಾಪಟ್ಟಿ ಬರೆದುಕೊಟ್ಟು ಬಾಡಿಗೆ ಹೊಂದಿಸುವವರ ಪರವಾಗಿ.

ಇದು ಶ್ರೀಮಂತ ಬಿಳಿಯರ ಶೋಕಿ, ನಮಗೇಕೆ ಎನ್ನುವವರಿಗೆ ಎರಡು ಮಾತು. 2024ರ ಅಕ್ಟೋಬರಿನಲ್ಲಿ ಗೋವಾದಲ್ಲಿ ಅರ್ಧ ಐರನ್‌ಮ್ಯಾನನ್ನು ಬೆಂಗಳೂರು ದಕ್ಷಿಣದ ಸಂಸದ ತೇಜಸ್ವಿ ಸೂರ್ಯ ಮುಗಿಸಿದರು, ದೇಶಕ್ಕೆಲ್ಲ ಸುದ್ದಿಯಾಯಿತು. 1.9 ಕಿ.ಮೀ. ಈಜು, 90 ಕಿ.ಮೀ. ಸೈಕಲ್, 21.1 ಕಿ.ಮೀ. ಓಟ, ಮುಗಿಸುವುದು ಸಣ್ಣ ಸಾಧನೆಯಲ್ಲ. ಆದರೆ ಅದೇ ದಿನ ಅದನ್ನು ಗೆದ್ದವರು ಯಾರೆಂದು ಸುದ್ದಿ ಓದಿದ ಹತ್ತು ಜನರನ್ನು ಕೇಳಿ ನೋಡಿ. 2022ರ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಭಾರತದ ಪರ ಟ್ರಯಥ್ಲಾನ್ ಆಡಿದ ಪ್ರಜ್ಞಾ ಮೋಹನ್ ಚಾರ್ಟರ್ಡ್ ಅಕೌಂಟೆಂಟ್ ಕೂಡ. ಎರಡನ್ನೂ ಹೇಗೆ ಸಂಭಾಳಿಸಿದಿರಿ ಎಂದು ಬೆರಗಾಗಿ ಕೇಳುತ್ತೇವೆ. ಒಂದರಿಂದಲೇ ಬದುಕುವ ಹಾಗಿದೆಯೇ ಎಂದು ಕೇಳುವುದಿಲ್ಲ.

ಇನ್ನೊಂದು, ನಮ್ಮದೇ ನೆಲದ್ದು. ಕರ್ನಾಟಕದ ಈಜು ಇರುವುದು ಬಸವನಗುಡಿಯಂಥ ಬೆಂಗಳೂರಿನ ಕೊಳಗಳಲ್ಲಿ. ಸೈಕಲ್ ಇರುವುದು ವಿಜಯಪುರ, ಬಾಗಲಕೋಟೆಯ ರಸ್ತೆಗಳಲ್ಲಿ, ರೈತರ ಮಕ್ಕಳ ಕಾಲಲ್ಲಿ. ಟ್ರಯಥ್ಲಾನಿಗೆ ಎರಡೂ ಬೇಕು, ಆದರೆ ಅವೆರಡೂ ಒಂದೇ ಮೈಯಲ್ಲಿ ಕೂಡುವುದು ಅಪರೂಪ. ಒಳ್ಳೆಯ ಸೈಕಲ್ಲಿಗೆ ಹತ್ತು ಲಕ್ಷ ಮೀರುವ ಈ ಆಟಕ್ಕೆ ಬೆಂಗಳೂರಿನ ಕೈತುಂಬ ಸಂಬಳದವರು ಹವ್ಯಾಸಿಗಳಾಗಿ ಬರುತ್ತಾರೆ. ವಿಜಯಪುರದ ಕಡೆಯ ಕ್ರೀಡಾ ವಸತಿನಿಲಯಕ್ಕೆ ಮಗಳನ್ನು ಸೇರಿಸಲು ಬಂದ ಅಪ್ಪ ಕೇಳುವ ಮೊದಲ ಪ್ರಶ್ನೆ ಬೇರೆ: ‘ರೈಲ್ವೇದಾಗ ನೌಕರಿ ಸಿಗ್ತದೇನ್ರಿ?’ ನಮ್ಮ ಕ್ರೀಡಾ ಅಂಕಣಕಾರರಿಗೆ ಈ ಪ್ರಶ್ನೆ ಸಣ್ಣತನವಾಗಿ ಕಾಣುತ್ತದೆ, ಆಟಕ್ಕಾಗಿ ಆಟ ಆಡುವ ಮನಸ್ಸು ನಮ್ಮಲ್ಲಿಲ್ಲ ಎಂದು ಮರುಗುತ್ತಾರೆ. ಇಟಲಿಯ ಚಾಂಪಿಯನ್ನರು ಪೊಲೀಸ್ ಇಲಾಖೆಯ ಸಂಬಳದಲ್ಲಿ, ಜರ್ಮನಿಯವರು ಸೈನ್ಯದ ಸಂಬಳದಲ್ಲಿ, ಬ್ರಿಟನ್ನಿನವರು ಲಾಟರಿಯಿಂದ ಬರುವ ಸರ್ಕಾರಿ ಅನುದಾನದಲ್ಲಿ ಅಭ್ಯಾಸ ಮಾಡುತ್ತಾರೆ ಎಂಬುದು ಆ ಅಂಕಣಗಳಲ್ಲಿ ಬರುವುದಿಲ್ಲ. ಆ ಅಪ್ಪ ಕೇಳಿದ್ದು ಅದನ್ನೇ. ಅವನು ಕೇಳಿದ ಜಾಗ ವಸತಿನಿಲಯದ ವಾರ್ಡನ್ನನ ಮೇಜು. ಅದನ್ನೇ ಪ್ರವೇಶ ಶುಲ್ಕ ಎಣಿಸಿಕೊಳ್ಳುವವರ ಮೇಜಿನ ಮುಂದೆಯೂ ಕೇಳಬೇಕಾಗಿದೆ: ಪ್ರತಿ ನೂರು ರೂಪಾಯಿಯಲ್ಲಿ ಮುಂದೆ ಓಡುವವರಿಗೆ ಎಷ್ಟು, ಎಷ್ಟನೆಯ ಸ್ಥಾನದವರೆಗೆ, ಬಿದ್ದರೆ ಆಸ್ಪತ್ರೆಯ ಬಿಲ್ಲು ಯಾರದ್ದು?